ಹೈಸ್ಕೂಲು ಮಕ್ಕಳಲ್ಲಿ ಆತ್ಮಹತ್ಯೆಯ ಅಪಾಯ: ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡಬೇಕಾದದ್ದೇನು

ಹತ್ತನೇ ತರಗತಿಯ ಹುಡುಗ ಹದಿನೈದು ದಿನದಿಂದ ಮೊದಲ ಪೀರಿಯಡ್‌ಗೆ ಬರುತ್ತಿಲ್ಲ ಅನ್ನುವುದು ಗಣಿತದ ಮೇಷ್ಟರಿಗೆ ಗೊತ್ತು. ರಾತ್ರಿ ಎರಡಾದರೂ ಎದ್ದೇ ಇರುತ್ತಾನೆ ಅನ್ನುವುದು ಹಾಸ್ಟೆಲ್ ವಾರ್ಡನ್‌ಗೆ ಗೊತ್ತು. ತಟ್ಟೆಯಲ್ಲಿ ಮುದ್ದೆ ಹಾಗೇ ಬಿಟ್ಟು ಏಳುತ್ತಾನೆ ಅನ್ನುವುದು ಅಡುಗೆಯವರಿಗೆ ಗೊತ್ತು. "ನಾನಿಲ್ದಿದ್ರೆ ಯಾರಿಗೇನು ಬಿಡೋ" ಅಂದದ್ದು ಪಕ್ಕದ ಹಾಸಿಗೆಯ ಗೆಳೆಯನಿಗೆ ಗೊತ್ತು. ಹೋದ ವರ್ಷ ಅವನ ಚಿಕ್ಕಪ್ಪ ಹೇಗೆ ತೀರಿಕೊಂಡರು ಅನ್ನುವುದು ಊರಿಗೆಲ್ಲ ಗೊತ್ತು, ಶಾಲೆಗೆ ಮಾತ್ರ ಗೊತ್ತಿಲ್ಲ. ಒಂದೊಂದೇ ನೋಡಿದರೆ ಯಾವುದೂ ದೊಡ್ಡದಲ್ಲ. ಐದೂ ಒಂದು ಮೇಜಿನ ಮೇಲೆ ಬಂದರೆ ಅದು ಅವತ್ತೇ ಕೆಲಸ ಮಾಡಬೇಕಾದ ಸಂಗತಿ. ಶಾಲೆಗಳಲ್ಲಿ ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಮಾಹಿತಿ ಇರುತ್ತದೆ, ಆದರೆ ಐದು ಜನರ ಕೈಯಲ್ಲಿ ಹಂಚಿಹೋಗಿರುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಂಟರಿಂದ ಹತ್ತನೇ ತರಗತಿಯ ಶಿಕ್ಷಕರು, ವಾರ್ಡನ್‌ಗಳು ಮತ್ತು ತಂದೆತಾಯಂದಿರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ ಲೇಖನ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. 60 ಮಕ್ಕಳ ಸೆಕ್ಷನ್ ಅಂದರೆ ನಾಲ್ಕು ಮಕ್ಕಳು. ನಿಮ್ಮ ಸೆಕ್ಷನ್‌ನಲ್ಲಿ ಆ ನಾಲ್ವರು ಯಾರು ಅನ್ನುವುದಕ್ಕೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ, ಮಕ್ಕಳೆಲ್ಲ ಚೆನ್ನಾಗಿದ್ದಾರೆ ಎಂದಲ್ಲ, ಇನ್ನೂ ನೋಡಿಲ್ಲ ಎಂದರ್ಥ.

ಒಂದೇ ಕಾರಣ ಹುಡುಕಬೇಡಿ

"ಮೊಬೈಲ್ ಕೊಡಿಸಲಿಲ್ಲವೆಂದು", "ಟೀಚರ್ ಬೈದರೆಂದು" ಎಂಬ ಸುದ್ದಿಗಳನ್ನು ಓದಿ ಓದಿ ಒಂದು ಕಾರಣಕ್ಕೆ ಒಂದು ಸಾವು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ನಿಜದಲ್ಲಿ ಮೂರು ಪದರ ಕೂಡಿಬಂದಾಗ ಅಪಾಯ ಏರುತ್ತದೆ. ಬಹಳ ದಿನದಿಂದ ಹೊತ್ತ ಭಾರ ಒಂದು. ಇತ್ತೀಚಿನ ಒಂದು ಪೆಟ್ಟು ಇನ್ನೊಂದು. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದು ಮೂರನೆಯದು. ಮೊಬೈಲ್ ಜಗಳ ಎರಡನೆಯ ಪದರ ಅಷ್ಟೇ. ಮೊದಲ ಪದರ ಬದಲಾಯಿಸಲು ತಿಂಗಳುಗಳು ಬೇಕು, ಎರಡನೆಯದು ಹೇಳಿ ಬರುವುದಿಲ್ಲ, ಮೂರನೆಯದನ್ನು ಇವತ್ತು ಸಂಜೆಯೊಳಗೆ ಬದಲಾಯಿಸಬಹುದು. ಈ ಲೇಖನದಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಮೊದಲ ಪದರದಲ್ಲಿ ಎಲ್ಲಕ್ಕಿಂತ ತೂಕದ್ದು ಹಿಂದೊಮ್ಮೆ ಪ್ರಯತ್ನಿಸಿರುವುದು. "ಸುಮ್ಮನೆ ಹೆದರಿಸೋಕೆ ಮಾಡಿದ್ಲು" ಎಂದು ಮನೆಯವರು ತಳ್ಳಿಹಾಕಿದ ಪ್ರಯತ್ನವೂ ಲೆಕ್ಕಕ್ಕೆ ಬರುತ್ತದೆ. ಮೈಮೇಲೆ ಗಾಯ ಮಾಡಿಕೊಳ್ಳುವ ಅಭ್ಯಾಸ, ಖಿನ್ನತೆ, ಮನೆಯಲ್ಲಿ ಇಂಥದೇ ಸಾವು, ಲೈಂಗಿಕ ದೌರ್ಜನ್ಯ, ಹೊಡೆತ, ತಂದೆಯ ಕುಡಿತ, ಹುಡುಗನೇ ಕುಡಿತ-ಹೊಗೆಸೊಪ್ಪಿಗೆ ಇಳಿದಿರುವುದು ಅದರ ನಂತರ ಬರುತ್ತವೆ. ಸಹಪಾಠಿಗಳ ಕೀಟಲೆ, ಅದರಲ್ಲೂ ಜಾತಿ, ಮೈಬಣ್ಣ, ಹೆಣ್ಣಿಗ ಎಂದು ಕರೆಯುವ ಕೀಟಲೆಯನ್ನು ಹುಡುಗಾಟ ಎಂದು ಬಿಡುವುದು ದೊಡ್ಡ ತಪ್ಪು. ಮೂರ್ಛೆರೋಗದಂತಹ ದೀರ್ಘ ಕಾಯಿಲೆಯೂ ಭಾರವೇ.

ಹೊಟ್ಟೆನೋವು, ತಲೆನೋವಿನ ಬಗ್ಗೆ ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ಮಗು "ನನಗೆ ಬೇಜಾರು" ಎಂದು ಹೇಳುವುದು ಕಡಿಮೆ, "ಹೊಟ್ಟೆ ನೋವು" ಎನ್ನುವುದು ಹೆಚ್ಚು. ತಿಂಗಳಿಗೆ ನಾಲ್ಕೈದು ಸಲ ಹೊಟ್ಟೆನೋವೆಂದು ಮನೆಗೆ ಹೋಗುವ ಹುಡುಗಿಯನ್ನು ನಾಟಕ ಅನ್ನಬೇಡಿ. ಹಾಗೆಂದು ಎಲ್ಲವೂ ಮನಸ್ಸಿನದೇ ಎಂದೂ ತೀರ್ಮಾನಿಸಬೇಡಿ. ಮುಟ್ಟಿನ ನೋವಿಗೆ ಚಿಕಿತ್ಸೆ ಇದೆ, ಮನಸ್ಸಿನ ನೋವಿಗೂ ಇದೆ, ಎರಡನ್ನೂ ಪರೀಕ್ಷೆ ಮಾಡಿಸಬೇಕು.

ಈ ಮೂರು ಜಿಲ್ಲೆಗಳಿಗೆ ಹತ್ತಿರದ ಕೆಲವು ಸಂಗತಿಗಳಿವೆ. ಪಾವಗಡ ಕಡೆಯಿಂದ ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ, ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ. ಬಂಗಾರಪೇಟೆ, ಕೆಜಿಎಫ್ ಕಡೆ ನಸುಕಿನ ರೈಲಿಗೆ ಹೋದ ತಂದೆ ರಾತ್ರಿಯೇ ಮನೆ ಸೇರುವುದು. ಇಂಥ ಮನೆಗಳಲ್ಲಿ ಮಗುವಿನ ಬದಲಾವಣೆ ಮೊದಲು ಕಾಣುವುದು ಶಾಲೆಗೇ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಪಟ್ಟಣಗಳಲ್ಲಿ ಉರ್ದು. ಪಾಠದ ಕನ್ನಡದಲ್ಲಿ ಕೇಳಿದರೆ "ಏನಿಲ್ಲ ಸಾರ್" ಎಂದು ಮುಗಿಸುವ ಮಗು ಅಮ್ಮನ ಭಾಷೆಯಲ್ಲಿ ಕೇಳಿದರೆ ಬಾಯಿ ಬಿಡುತ್ತದೆ. ಆ ಭಾಷೆ ಬಲ್ಲ ಶಿಕ್ಷಕರನ್ನೇ ಕೂರಿಸಿ. ಟೊಮೆಟೊ ಬೆಲೆ ಬಿದ್ದ ಸೀಸನ್‌ನಲ್ಲಿ ಸಾಲ ಮಾಡಿದ ಮನೆಗಳ ಜಗಳವೂ ಮಕ್ಕಳ ಜೊತೆ ತರಗತಿಗೆ ಬರುತ್ತದೆ.

ಎರಡನೆಯ ಪದರ, ಅಂದರೆ ಇತ್ತೀಚಿನ ಪೆಟ್ಟುಗಳಲ್ಲಿ ಅವಮಾನದ್ದೇ ಮೇಲುಗೈ. ಎಲ್ಲರೆದುರು ಬೈಗುಳ, ಕಳ್ಳತನದ ಆರೋಪ, ಬ್ಯಾಗ್ ತಪಾಸಣೆಯಲ್ಲಿ ಸಿಕ್ಕ ಪತ್ರವನ್ನು ತರಗತಿಯಲ್ಲಿ ಓದುವುದು, "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಎಂದು ಕಳಿಸುವುದು. ಈ ಕೊನೆಯದು ನಮ್ಮಲ್ಲಿ ದಿನನಿತ್ಯದ ಶಿಸ್ತು. ಕುಡಿದು ಹೊಡೆಯುವ ಅಪ್ಪನಿರುವ ಹುಡುಗನಿಗೆ ಆ ಸಂಜೆಯಿಂದ ಬೆಳಗಿನವರೆಗಿನ ಹೊತ್ತು ಎಷ್ಟು ಉದ್ದ ಎಂದು ಯೋಚಿಸಿ. ಪೋಷಕರನ್ನು ಕರೆಸಲೇಬೇಕಿದ್ದರೆ ನೀವೇ ಫೋನ್ ಮಾಡಿ, ಮಗುವಿನ ಕೈಯಲ್ಲಿ ಹೇಳಿಕಳಿಸಬೇಡಿ. ಪ್ರೀತಿ ಮುರಿದದ್ದು, ಫೋಟೊ ಹರಿಬಿಡುತ್ತೇನೆಂಬ ಬೆದರಿಕೆ, ಒಂಬತ್ತನೇ ತರಗತಿಯಲ್ಲೇ ಗಂಡು ನೋಡಲು ಬಂದದ್ದು ಹುಡುಗಿಯರಲ್ಲಿ ಮತ್ತೆ ಮತ್ತೆ ಕಾಣುವ ಪೆಟ್ಟುಗಳು. ಫೋಟೊ ಬೆದರಿಕೆಗೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ ಇದೆ, ಮದುವೆ ಮಾತಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಮೊದಲ ಹೆಜ್ಜೆ: ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ

ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು, ಪಿಇಟಿ ಮೇಷ್ಟ್ರು, ಹಾಸ್ಟೆಲ್ ಇದ್ದರೆ ವಾರ್ಡನ್ ಕೂತು ಒಂದೊಂದು ಸೆಕ್ಷನ್‌ನ ಹಾಜರಿ ಪುಸ್ತಕವನ್ನು ಮೇಲಿನಿಂದ ಕೆಳಗೆ ಓದಿ. ಪ್ರತಿ ಹೆಸರಿಗೂ ಒಂದೇ ಪ್ರಶ್ನೆ: ಈ ಮಗು ಹೋದ ತಿಂಗಳು ಇದ್ದ ಹಾಗೆ ಇದೆಯೇ? ಪಿಇಟಿ ಮೇಷ್ಟ್ರನ್ನು ಬಿಡಬೇಡಿ. ಆಟಕ್ಕೆ ಬರುವುದನ್ನು ನಿಲ್ಲಿಸಿದವರು ಯಾರು, ಬಿಸಿಲಲ್ಲೂ ಉದ್ದ ತೋಳಿನ ಅಂಗಿ ಬಿಚ್ಚದವರು ಯಾರು ಎಂಬುದು ಅವರಿಗೆ ಗೊತ್ತಿರುತ್ತದೆ. ಗಲಾಟೆ ಮಾಡುವ ಮಕ್ಕಳು ತಾವಾಗಿ ಲೆಕ್ಕಕ್ಕೆ ಬರುತ್ತಾರೆ. ಓದಿನಲ್ಲಿ ಮುಂದಿದ್ದು ಸದ್ದಿಲ್ಲದೆ ಹಿಂದೆ ಸರಿಯುತ್ತಿರುವ ಮಗುವೇ ತಪ್ಪಿಹೋಗುವುದು.

ಪಟ್ಟಿ ಮಾಡುವಾಗ ಕಾಯಿಲೆಯ ಹೆಸರು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. "ಡಿಪ್ರೆಶನ್" ಬೇಡ. "ಮೂರು ವಾರದಿಂದ ಡಬ್ಬಿ ಒಬ್ಬಳೇ ಕೂತು ತಿನ್ನುತ್ತಾಳೆ, ಎರಡು ಕಿರುಪರೀಕ್ಷೆಗೆ ಖಾಲಿ ಹಾಳೆ" ಎಂದಿರಲಿ. ಆ ಹಾಳೆ ಸ್ಟಾಫ್ ರೂಮಿನ ಮೇಜಿನ ಮೇಲೆ ಉಳಿಯಕೂಡದು, ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ. ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರು ಹಾಕುವುದಂತೂ ಬೇಡವೇ ಬೇಡ.

ಕಾಯದೆ ಅವತ್ತೇ ಮಾತಾಡಿಸಬೇಕಾದ ಗುರುತುಗಳಿವೆ. ಸಾಯುವ ಮಾತನ್ನು ಆಡುವುದು, ಬರೆಯುವುದು, ಸ್ಟೇಟಸ್ ಹಾಕುವುದು. ಇಷ್ಟದ ವಸ್ತುಗಳನ್ನು ಹಂಚುವುದು. "ನನ್ನಿಂದ ತಪ್ಪಾಗಿದ್ರೆ ಕ್ಷಮಿಸ್ಬಿಡಿ ಮಿಸ್" ಎಂದು ಕಾರಣವಿಲ್ಲದೆ ಹೇಳುವುದು. ಬಹಳ ದಿನ ಕುಗ್ಗಿದ್ದ ಮಗು ಇದ್ದಕ್ಕಿದ್ದಂತೆ ನಿರಾಳವಾದಂತೆ ಕಾಣುವುದು. ಕೊನೆಯದನ್ನು ನೋಡಿ "ಸದ್ಯ, ಸರಿಹೋದ" ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅದಕ್ಕೇ ಅದನ್ನು ಬೇರೆಯಾಗಿ ಹೇಳಬೇಕಾಯಿತು.

ಎರಡನೇ ಹೆಜ್ಜೆ: ನೇರವಾಗಿ ಕೇಳುವುದು

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಎಲ್ಲರಿಗೂ ಇದೆ. ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ. ಜಾಗ ಮಾತ್ರ ಸರಿಯಾಗಿರಲಿ. ಸ್ಟಾಫ್ ರೂಮ್ ಬೇಡ. ಲ್ಯಾಬ್, ಲೈಬ್ರರಿ, ಮರದಡಿಯ ಕಟ್ಟೆ, ಎಲ್ಲಾದರೂ ಬೇರೆಯವರಿಗೆ ಕಾಣುವಂತಿರಲಿ, ಕೇಳಿಸುವಂತಿರಬಾರದು. ಹುಡುಗಿಯಾದರೆ ಅವಳು ನಂಬುವ ಮೇಡಂ ಮಾತಾಡಲಿ. ಎದುರುಬದುರು ಕೂರಬೇಡಿ, ಪಕ್ಕದಲ್ಲಿ ಕೂತು ಶುರುಮಾಡಿ:

"ಪುಟ್ಟ, ಎರಡು ವಾರದಿಂದ ನೋಡ್ತಿದೀನಿ, ನೀನು ಮೊದಲಿನ ಹಾಗಿಲ್ಲ. ಬಯ್ಯೋಕೆ ಕರೆದಿಲ್ಲ. ಏನಾಗ್ತಿದೆ ಹೇಳಮ್ಮ."

"ಏನಿಲ್ಲ ಮಿಸ್."

"ಸರಿ. ಹೇಳ್ಬೇಕು ಅನ್ನಿಸಿದಾಗ ಹೇಳು, ನಾನೇನೂ ಅವಸರದಲ್ಲಿಲ್ಲ."

ಆಮೇಲೆ ಸುಮ್ಮನಿರಿ. ಅರ್ಧ ನಿಮಿಷದ ಮೌನವನ್ನೂ ಶಿಕ್ಷಕರು ತಡೆಯುವುದಿಲ್ಲ, ಉಪದೇಶ ಶುರುವಾಗುತ್ತದೆ, ಮಗುವಿನ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಮಗು ಮಾತಾಡತೊಡಗಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಎಂಟು ವರ್ಷ ಮೇಲ್ಪಟ್ಟವರಿಗೆಂದು ಆಸ್ಪತ್ರೆಗಳಲ್ಲಿ ಬಳಸುವ ಎಎಸ್‌ಕ್ಯೂ ಎಂಬ ಪ್ರಶ್ನಾವಳಿಯ ತಿರುಳು ಇದು, ಆಡುಮಾತಿನಲ್ಲಿ ಹೀಗೆ ಕೇಳಬಹುದು:

"ಈಚೆಗೆ ಕೆಲವು ವಾರದಿಂದ, ಸತ್ತುಹೋಗಿದ್ರೆ ಚೆನ್ನಾಗಿತ್ತು ಅಂತ ಅನ್ನಿಸಿದ್ಯಾ?"
"ನಾನಿಲ್ದಿದ್ರೇ ಮನೆಯವರಿಗೆ ಒಳ್ಳೇದು ಅಂತ ಅನ್ನಿಸಿದ್ಯಾ?"
"ಈ ಒಂದು ವಾರದಲ್ಲಿ ಜೀವ ಕಳ್ಕೋಬೇಕು ಅನ್ನೋ ಯೋಚನೆ ಬಂದಿತ್ತಾ?"
"ಹಿಂದೆ ಯಾವತ್ತಾದ್ರೂ ಪ್ರಯತ್ನ ಮಾಡಿದ್ಯಾ?"

ಒಂದಕ್ಕೆ ಹೌದೆಂದರೂ ಐದನೆಯದು ಕೇಳಲೇಬೇಕು: "ಈಗ, ಇಲ್ಲಿ ಕೂತಿರೋವಾಗ್ಲೂ ಆ ಯೋಚನೆ ಇದ್ಯಾ?" ಹೌದು ಎಂದರೆ ಅದು ತುರ್ತು. ಇಲ್ಲ ಎಂದರೂ ಅವತ್ತೇ ಮನೆಗೆ ತಿಳಿಸಿ, ತಡಮಾಡದೆ ವೈದ್ಯರ ಬಳಿ ಕಳಿಸಬೇಕು.

ಹೇಳಬಾರದ ಮಾತುಗಳು ನಮ್ಮ ನಾಲಿಗೆ ತುದಿಯಲ್ಲೇ ಇರುತ್ತವೆ. "ಇಷ್ಟಕ್ಕೆಲ್ಲ ಯಾರಾದ್ರೂ ಹೀಗಂದುಕೋತಾರಾ", "ನಿಮ್ಮಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾಳೆ ಗೊತ್ತಾ", "ದೇವರ ಮೇಲೆ ಆಣೆ ಮಾಡು". ಎರಡನೆಯದು ಎಲ್ಲಕ್ಕಿಂತ ಕೆಟ್ಟದ್ದು. ತಾನು ಮನೆಗೆ ಭಾರ ಎಂದು ನಂಬಿದ ಮಗುವಿಗೆ ಅದು ಸಾಕ್ಷಿ ಒದಗಿಸುತ್ತದೆ.

"ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನಿನ್ನ ಜೀವಕ್ಕೆ ಸಂಬಂಧಿಸಿದ್ದು ಮಾತ್ರ ಬೇಕಾದವರಿಗೆ ಹೇಳ್ತೀನಿ, ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ" ಎನ್ನಿ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ, ಮುಚ್ಚಿಟ್ಟರೆ ಶಿಕ್ಷೆ ಇದೆ. ದೌರ್ಜನ್ಯ ಮಾಡಿದವರು ಮನೆಯಲ್ಲೇ ಇದ್ದಾರೆಂಬ ಸುಳಿವಿದ್ದರೆ ಮನೆಗೆ ಫೋನ್ ಮಾಡುವ ಮುಂಚೆ 1098ಕ್ಕೆ ಮಾಡಿ.

ಮೂರನೇ ಹೆಜ್ಜೆ: ಅವತ್ತಿನ ದಿನ

ಮಗುವನ್ನು ಒಂಟಿಯಾಗಿ ಬಿಡಬೇಡಿ. ಶೌಚಾಲಯಕ್ಕೆ ಹೋದರೂ ಒಬ್ಬರು ಹೊರಗೆ ನಿಂತಿರಲಿ, ಬಸ್ಸಿಗೆ ಹತ್ತಿಸಿ ಕೈತೊಳೆದುಕೊಳ್ಳಬೇಡಿ. ಮನೆಯಿಂದ ಒಬ್ಬ ದೊಡ್ಡವರು ಶಾಲೆಗೇ ಬರಬೇಕು. ಬಂದವರಿಗೆ ಹೇಳುವಾಗ ಮಗುವಿನ ತಪ್ಪಿನಿಂದ ಶುರುಮಾಡಬೇಡಿ. "ಮಗಳಿಗೆ ಹುಷಾರಿಲ್ಲ, ಜ್ವರ ಬಂದ ಹಾಗೇ ಇದಕ್ಕೂ ಡಾಕ್ಟರ್ ಬೇಕು, ಇವತ್ತು ರಾತ್ರಿ ನೀವು ಅವಳ ಪಕ್ಕದಲ್ಲೇ ಮಲಗ್ಬೇಕು ಅಮ್ಮ" ಎಂದು ಹೇಳಿ. ನಿಮ್ಮೆದುರಿಗೇ 14416ಕ್ಕೆ ಫೋನ್ ಮಾಡಿಸಿ. ನಂಬರ್ ಬರೆದುಕೊಟ್ಟರೆ ಮನೆಗೆ ಹೋಗಿ ಮಾಡುವವರು ಕಡಿಮೆ.

ಕೈಗೆ ಸಿಗದಂತೆ ಮಾಡುವುದು

ಹದಿಹರೆಯದವರಲ್ಲಿ ಯೋಚನೆಗೂ ಕೃತ್ಯಕ್ಕೂ ನಡುವೆ ಎಷ್ಟೋ ಸಲ ಇರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಕೈಗೇನೂ ಸಿಗದಿದ್ದರೆ ಅಲೆ ಇಳಿಯುತ್ತದೆ. "ಸಾಯ್ಬೇಕು ಅನ್ನೋರು ಹೇಗಾದ್ರೂ ಸಾಯ್ತಾರೆ" ಎಂಬ ಮಾತು ಸುಳ್ಳು. ಒಮ್ಮೆ ಉಳಿದವರಲ್ಲಿ ಬಹುಪಾಲು ಜನ ಆಮೇಲೆ ಆತ್ಮಹತ್ಯೆಯಿಂದ ಸಾಯುವುದಿಲ್ಲ.

ತೋಟದ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಬೆಳೆಗೆ ಹೊಡೆಯುವ ಔಷಧಿ. ಟೊಮೆಟೊ, ದ್ರಾಕ್ಷಿ, ತರಕಾರಿ ಬೆಳೆಯುವ ನಮ್ಮ ಕಡೆ ಅರ್ಧ ಉಳಿದ ಡಬ್ಬಿ ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಇರುವುದು ಮಾಮೂಲಿ. ಬೀಗದ ಪೆಟ್ಟಿಗೆ ತಂದರೆ ಆಯಿತು ಎಂದುಕೊಳ್ಳಬೇಡಿ. ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೆ ಅಂಥ ಪೆಟ್ಟಿಗೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪೆಟ್ಟಿಗೆಯಿಂದಷ್ಟೇ ಪ್ರಕರಣ ಕಡಿಮೆಯಾಗಲಿಲ್ಲ. ಅಲ್ಲಿ ಸಾವು ಇಳಿದದ್ದು ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರ ನಿಷೇಧಿಸಿದ್ದರಿಂದ. ಹಾಗಾಗಿ ಮನೆಯ ಮಟ್ಟದ ನಿಯಮ ಇಷ್ಟು: ಒಂದು ಸಲದ ಸಿಂಪಡಣೆಗೆ ಬೇಕಾದಷ್ಟೇ ತನ್ನಿ, ಉಳಿದದ್ದು ವಾಸದ ಮನೆಯೊಳಗೆ ಬರಬಾರದು. ಮಗುವಿನ ವಿಷಯದಲ್ಲಿ ಅನುಮಾನವಿರುವಷ್ಟು ದಿನ ಮನೆಯ ಹತ್ತಿರದ ಶೆಡ್ಡಿನಲ್ಲೂ ಬೇಡ, ಬೇರೆ ಊರಿನ ನೆಂಟರ ಜವಾಬ್ದಾರಿಗೆ ಕೊಡಿ. ಬೀಗ ಹಾಕಿದರೆ ಕೀಲಿ ಒಬ್ಬ ದೊಡ್ಡವರ ಸೊಂಟದಲ್ಲಿರಲಿ, ಗೋಡೆಯ ಮೊಳೆಯಲ್ಲಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು ಹುಳು ಸತ್ತಾವೆಂದು ಕೀಟನಾಶಕವನ್ನು ಹುಳುಮನೆಯ ಹತ್ತಿರ ಸುಳಿಯಗೊಡುವುದಿಲ್ಲ. ಆ ಎಚ್ಚರ ಮಕ್ಕಳು ಮಲಗುವ ಮನೆಗೂ ಬೇಕು.

ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳೂ ಇದೇ ಲೆಕ್ಕಕ್ಕೆ. ಮಗುವಿಗೇ ಮಾನಸಿಕ ವೈದ್ಯರು ಮಾತ್ರೆ ಕೊಟ್ಟಿದ್ದರೆ ಒಂದು ವಾರಕ್ಕಾಗುವಷ್ಟು ಮಾತ್ರ ಮನೆಯಲ್ಲಿಡಲು ಸಾಧ್ಯವೇ ಎಂದು ಕೇಳಿ, ದಿನದ ಗುಳಿಗೆಯನ್ನು ಅಮ್ಮನೇ ಕೈಗೆ ಕೊಡಲಿ. ಖಿನ್ನತೆಯ ಔಷಧಿ ಶುರುವಾದ ಮೊದಲ ಕೆಲವು ವಾರ ಹೆಚ್ಚು ಗಮನ ಬೇಕು, ಚಡಪಡಿಕೆ ಜಾಸ್ತಿಯಾದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಏನಾದರೂ ನಡೆದುಹೋಗಿದ್ದರೆ

108. ಹತ್ತಿರದ ಆಸ್ಪತ್ರೆ, ಅದು ತಾಲ್ಲೂಕು ಆಸ್ಪತ್ರೆಯಾದರೂ ಸರಿ. ಬೆಂಗಳೂರು ಈ ಮೂರೂ ಜಿಲ್ಲಾ ಕೇಂದ್ರಗಳಿಂದ ಸುಮಾರು 70 ಕಿಲೋಮೀಟರ್ ಒಳಗೇ ಇರುವುದರಿಂದ ಜನ ನೇರ ಅಲ್ಲಿಗೇ ಕಾರು ಓಡಿಸುತ್ತಾರೆ, ದಾರಿಯಲ್ಲೇ ಹೊತ್ತು ಕಳೆದುಹೋಗುತ್ತದೆ. ಏನನ್ನಾದರೂ ಸೇವಿಸಿದ್ದರೆ ಉಪ್ಪು ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅನಾಹುತವಾಗುತ್ತದೆ. ಡಬ್ಬಿ ಅಥವಾ ಮಾತ್ರೆಯ ಹಾಳೆಯನ್ನು ಜೊತೆಗೆ ಒಯ್ಯಿರಿ. ಮಗು ಚೆನ್ನಾಗಿದ್ದಂತೆ ಕಂಡರೂ ಹೋಗಲೇಬೇಕು.

ಎಂಎಲ್‌ಸಿ ಆಗುತ್ತದೆ, ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಅವರ ಆರೈಕೆಯನ್ನು ಸರ್ಕಾರದ ಹೊಣೆ ಮಾಡುತ್ತದೆ. ಆತ್ಮಹತ್ಯೆಯ ಪ್ರಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ಐಪಿಸಿಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಎಂಎಲ್‌ಸಿ ಅಂದರೆ ಆಸ್ಪತ್ರೆಯ ದಾಖಲೆ, ಮಗುವಿನ ಮೇಲಿನ ಆರೋಪವಲ್ಲ.

ದೇಹ ಸುಧಾರಿಸಿದ ಮೇಲೆ ಮನಸ್ಸಿನ ವೈದ್ಯರನ್ನು ಕಾಣದೆ ಡಿಸ್ಚಾರ್ಜ್ ಮಾಡಿಸಿಕೊಂಡು ಬರಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ, ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ನಡೆಯುವಂಥದ್ದು. ನಿಮ್ಮ ತಾಲ್ಲೂಕಿಗೆ ವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಮೊದಲ ಮಾತುಕತೆಗೆ ಒಳ್ಳೆಯ ಜಾಗ.

ಮರಳಿ ಶಾಲೆಗೆ

ಆಸ್ಪತ್ರೆಯಿಂದ ಬಂದ ಮೊದಲ ವಾರ, ಆಮೇಲಿನ ಮೂರು ತಿಂಗಳು ಅಪಾಯ ಹೆಚ್ಚಿರುವ ಅವಧಿ. ಮನೆಯವರೂ ಶಾಲೆಯವರೂ ನಿಶ್ಚಿಂತರಾಗುವುದು ಇದೇ ಅವಧಿಯಲ್ಲಿ. ಬರುವ ಮೊದಲ ದಿನ ಅಸೆಂಬ್ಲಿ ಮುಗಿದ ಮೇಲೆ ಬರಲು ಹೇಳಿ. ಬಾಕಿ ನೋಟ್ಸು, ಪ್ರಾಜೆಕ್ಟುಗಳ ರಾಶಿ ಮುಂದಿಡಬೇಡಿ, ಯಾವುದನ್ನು ಬಿಡಬಹುದೆಂದು ವಿಷಯ ಶಿಕ್ಷಕರೇ ನಿರ್ಧರಿಸಿ. "ಎಲ್ಲಿಗೆ ಹೋಗಿದ್ದೆ" ಎಂದು ಕೇಳಿದವರಿಗೆ ಏನು ಹೇಳುವುದೆಂದು ಮಗುವಿನ ಜೊತೆ ಕೂತು ಒಂದು ವಾಕ್ಯ ಸಿದ್ಧಮಾಡಿ: "ಹುಷಾರಿರ್ಲಿಲ್ಲ, ಆಸ್ಪತ್ರೆಯಲ್ಲಿದ್ದೆ, ಈಗ ಪರವಾಗಿಲ್ಲ" ಅಷ್ಟು ಸಾಕು.

ಒಂದು ಹಾಳೆಯಲ್ಲಿ ಮಗುವೇ ತನ್ನ ಕೈಯಿಂದ ಬರೆಯಲಿ. ಕೆಟ್ಟ ಹೊತ್ತು ಬರುವ ಮೊದಲು ತನಗೆ ಏನಾಗುತ್ತದೆ, ಆಗ ಒಬ್ಬನೇ ಇದ್ದರೆ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ರಾತ್ರಿಯಾದರೆ ಯಾವ ನಂಬರ್. ಹೆಸರುಗಳು ನಿಜವಾದವಾಗಿರಲಿ, "ಅಮ್ಮ" ಎಂದು ನಾವು ಹೇಳಿಕೊಡಬಾರದು. ಎಷ್ಟೋ ಮಕ್ಕಳು ದೊಡ್ಡಮ್ಮನ ಹೆಸರೋ ಟ್ಯೂಷನ್ ಅಕ್ಕನ ಹೆಸರೋ ಬರೆಯುತ್ತಾರೆ. ಆ ದೊಡ್ಡಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸುವುದು ನಿಮ್ಮ ಕೆಲಸ.

ಫಲಿತಾಂಶದ ದಿನ

ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಎರಡು ದಿನ ಮುಂಚೆಯೇ ಪಟ್ಟಿ ತೆಗೆಯಿರಿ. ಫೇಲಾಗುವವರಷ್ಟೇ ಅಲ್ಲ, ಶೇ. 95 ಬರುತ್ತದೆಂದು ಊರೆಲ್ಲ ಹೇಳಿಕೊಂಡ ಮನೆಯ ಮಗುವೂ ಅದರಲ್ಲಿರಲಿ. ಹತ್ತತ್ತು ಹೆಸರನ್ನು ಒಬ್ಬೊಬ್ಬ ಶಿಕ್ಷಕರು ಹಂಚಿಕೊಂಡು ಫಲಿತಾಂಶ ಬಂದ ಒಂದು ಗಂಟೆಯೊಳಗೆ ಫೋನ್ ಮಾಡಿ. ಮೊದಲು ಮಗುವಿನ ಜೊತೆ ಮಾತು, ಆಮೇಲೆ ತಂದೆಗೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಪರೀಕ್ಷೆ-2ಕ್ಕೆ ಕೂರಬಹುದು ಎಂಬುದು ಹಳ್ಳಿಯ ಎಷ್ಟೋ ತಂದೆಯರಿಗೆ ಇನ್ನೂ ತಲುಪಿಲ್ಲ. "ವರ್ಷ ಹಾಳಾಯ್ತು" ಎಂಬ ಮಾತು ಮನೆಯಲ್ಲಿ ಏಳುವ ಮುಂಚೆ ಆ ಸುದ್ದಿ ತಲುಪಿಸಿ. ಆ ಸಂಜೆ ಮಗುವನ್ನು ಒಬ್ಬನೇ ತೋಟಕ್ಕೆ ಕಳಿಸಬೇಡಿ, ಮನೆಯಲ್ಲಿ ಒಂಟಿಯಾಗಿ ಬಿಡಬೇಡಿ ಎಂಬುದನ್ನೂ ಸೇರಿಸಿ. ಟಾಪರ್‌ಗಳ ಫ್ಲೆಕ್ಸ್ ಕಟ್ಟುವುದಿದ್ದರೆ ಈ ಫೋನ್‌ಗಳೆಲ್ಲ ಮುಗಿದ ಮೇಲೆ.

ಶಾಲೆಯಲ್ಲೊಂದು ಸಾವು ನಡೆದೇಹೋದರೆ

ಹೇಗೆ, ಎಲ್ಲಿ ಎಂಬ ವಿವರ ಯಾವ ಕಾರಣಕ್ಕೂ ಮಕ್ಕಳೆದುರು ಬರಬಾರದು. ಇಡೀ ಶಾಲೆಯನ್ನು ಮೈದಾನದಲ್ಲಿ ನಿಲ್ಲಿಸಿ ಭಾಷಣ ಮಾಡಬೇಡಿ. ತರಗತಿ ತರಗತಿಗೆ ಹೋಗಿ ನಾಲ್ಕು ಮಾತಿನಲ್ಲಿ ತಿಳಿಸಿ, ಯಾರ ಮೇಲೂ ದೂರು ಹೊರಿಸದೆ, ಆ ಮಗುವನ್ನು ದೂಷಿಸದೆ, ಧೀರನನ್ನಾಗಿಯೂ ಮಾಡದೆ. ಬೆಂಚಿನ ಮೇಲೆ ಹಾರ ಹಾಕಿದ ಫೋಟೊ ತಿಂಗಳುಗಟ್ಟಲೆ ಇಡುವುದು ಪ್ರೀತಿಯಿಂದಲೇ, ಆದರೆ ಮೊದಲೇ ಕುಗ್ಗಿರುವ ಇನ್ನೊಂದು ಮಗುವಿಗೆ ಅದು ಬೇರೆಯದನ್ನೇ ಹೇಳುತ್ತದೆ. ಹದಿಹರೆಯದಲ್ಲಿ ಒಂದರ ಹಿಂದೆ ಒಂದು ನಡೆಯುವ ಅಪಾಯ ಉಳಿದ ವಯಸ್ಸಿನವರಿಗಿಂತ ಹೆಚ್ಚು. ಅವತ್ತು ಸಂಜೆಯೊಳಗೆ ಆಪ್ತ ಗೆಳೆಯರು, ಹಿಂದಿನ ದಿನ ಜಗಳವಾಡಿದವರು, ಒಂದೇ ರೂಮಿನವರು, ಈಗಾಗಲೇ ನಿಮ್ಮ ಪಟ್ಟಿಯಲ್ಲಿರುವವರು, ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿ. ಅವತ್ತು ಗೈರುಹಾಜರಾದವರ ಮನೆಗೆ ಯಾರಾದರೂ ಹೋಗಿಬನ್ನಿ. ಕೊನೆಯದಾಗಿ ಬೈದ ಶಿಕ್ಷಕರಿದ್ದರೆ ಅವರ ಜೊತೆಗೂ ಒಬ್ಬರು ಇರಲಿ.